ಹಾವು ಸಾಕುವುದಕ್ಕೆ ನಿಷೇಧ ಬೇಡ, ಲೆಕ್ಕ ಬೇಕು

"ಬಾಲ್ ಪೈಥಾನ್ ಸಾಕಿದರೆ ಜೈಲಿಗೆ ಹಾಕ್ತಾರಾ?" ಕಲಬುರಗಿಯಲ್ಲಿ ಹಾವುಗಳ ಹುಚ್ಚು ಇರುವ ಹುಡುಗರು ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಬಾಲ್ ಪೈಥಾನ್ ಅಂದರೆ ಆಫ್ರಿಕಾದ, ವಿಷವಿಲ್ಲದ ಒಂದು ಚಿಕ್ಕ ಹೆಬ್ಬಾವು. ಒಬ್ಬರು ಖಂಡಿತ ಹಾಕ್ತಾರೆ ಅನ್ನುತ್ತಾರೆ. ಇನ್ನೊಬ್ಬರು, ಬೆಂಗಳೂರಲ್ಲಿ ಅಷ್ಟು ಜನ ಸಾಕ್ತಾರಲ್ಲ, ಏನೂ ಆಗಲ್ಲ ಅನ್ನುತ್ತಾರೆ. ಎರಡೂ ಅರ್ಧ ಸರಿ. ನಮ್ಮ ಕಾನೂನು ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. ಯಾವ ಹಾವು, ಎಲ್ಲಿಂದ ಬಂತು, ಯಾವಾಗ ಬಂತು, ಕಾಗದ ಇದೆಯಾ ಎಂದು ಕೇಳುತ್ತದೆ.

ವಿಮಾನ ನಿಲ್ದಾಣದಲ್ಲಿ ಹಾವು ತುಂಬಿದ ಪೆಟ್ಟಿಗೆ ಸಿಕ್ಕ ಸುದ್ದಿ ಬಂದಾಗಲೆಲ್ಲ ಒಂದು ಕೂಗು ಏಳುತ್ತದೆ. ವಿದೇಶಿ ಹಾವು ಸಾಕುವುದನ್ನೇ ಪೂರ್ತಿ ನಿಲ್ಲಿಸಿಬಿಡಿ ಎನ್ನುವ ಕೂಗು ಅದು. ನಾನು ಅದನ್ನು ಒಪ್ಪುವುದಿಲ್ಲ. ಹಾವುಗಳ ಮೇಲೆ ಕಾಳಜಿ ಇರುವುದರಿಂದಲೇ ಒಪ್ಪುವುದಿಲ್ಲ. ಆದರೆ ಈಗಿರುವ ಕಾನೂನು ಏನು ಹೇಳುತ್ತದೆ ಎಂಬುದು ಗೊತ್ತಿಲ್ಲದೆ ಈ ವಾದ ಅರ್ಥ ಆಗುವುದಿಲ್ಲ. ಹಾಗಾಗಿ ಮೊದಲು ಅದನ್ನೇ ಬಿಡಿಸಿ ನೋಡೋಣ.

ನಮ್ಮ ಹೊಲದ ಹಾವು ಬೇರೆ ಮಾತು

ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ. ಇವೆಲ್ಲ ನಮ್ಮ ನೆಲದ ಹಾವುಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವನ್ನು ಕಾಪಾಡುತ್ತದೆ. ಹಿಡಿಯುವಂತಿಲ್ಲ, ಸಾಕುವಂತಿಲ್ಲ, ಮಾರುವಂತಿಲ್ಲ, ಕೊಲ್ಲುವಂತಿಲ್ಲ. ಹೆಬ್ಬಾವಿನಂಥ ಮೊದಲ ಶೆಡ್ಯೂಲಿನ, ಅಂದರೆ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿಯ ಪ್ರಕರಣವಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಪಂಚಮಿ ಸಮಯದಲ್ಲಿ ಬುಟ್ಟಿ ಹೊತ್ತು ಓಣಿಗೆ ಬರುತ್ತಿದ್ದ ಹಾವಾಡಿಗರು ಈಗ ಕಾಣದೇ ಇರುವುದಕ್ಕೂ ಈ ಕಾಯ್ದೆಯೇ ಮುಖ್ಯ ಕಾರಣ.

ಈ ಭಾಗದ ಬಗ್ಗೆ ನನ್ನ ತಕರಾರು ಏನೂ ಇಲ್ಲ. ನಮ್ಮದು ತೊಗರಿಯ ನಾಡು. ಹೊಲದಲ್ಲಿ ಇಲಿ ತಿನ್ನುವ ಕೇರೆ ಹಾವನ್ನು ಹಿಡಿದು ಪೆಟ್ಟಿಗೆಗೆ ಹಾಕಿದರೆ ನಷ್ಟ ಆ ಹೊಲದ್ದೇ. ಮಣ್ಣುಮುಕ್ಕ ಹಾವಿನ ಕಥೆ ಇನ್ನೂ ಕೆಟ್ಟದ್ದು. ಬಾಲ ಮೊಂಡಾಗಿ ತಲೆಯ ಹಾಗೆ ಕಾಣುತ್ತದೆ ಅಂತ ಅದಕ್ಕೆ ಎರಡು ತಲೆ ಹಾವು ಅನ್ನುವ ಹೆಸರು ಬಂತು. ಮನೆಯಲ್ಲಿದ್ದರೆ ನಿಧಿ ಸಿಗುತ್ತದೆ, ದುಡ್ಡು ಬರುತ್ತದೆ ಎಂದು ನಂಬಿಸಿ ಲಕ್ಷಗಟ್ಟಲೆ ಬೆಲೆ ಹೇಳುವ ಮೋಸಗಾರರು ಹುಟ್ಟಿಕೊಂಡರು. ಯಾರಿಗೂ ಏನೂ ಮಾಡದ, ಮಣ್ಣಲ್ಲಿ ಹುದುಗಿ ಇಲಿ ಕಾಯುವ ಪಾಪದ ಹಾವು ಅದು. ಅದನ್ನು ಹಿಡಿದು ಮಾರುವವರಿಗೆ ಶಿಕ್ಷೆ ಆಗಲೇಬೇಕು.

ಹಾಗಾದರೆ ವಿದೇಶಿ ಹಾವಿನ ವಿಷಯದಲ್ಲಿ ನಿಷೇಧ ಯಾಕೆ ಬೇಡ ಅನ್ನುತ್ತೇನೆ? ಎರಡೂ ಹಾವೇ ಅಲ್ವಾ? ವ್ಯತ್ಯಾಸ ಇಷ್ಟು. ನಮ್ಮ ಹಾವನ್ನು ಸಾಕಬೇಕಾದರೆ ಕಾಡಿನಿಂದಲೋ ಹೊಲದಿಂದಲೋ ಹಿಡಿದೇ ತರಬೇಕು. ಕಾರ್ನ್ ಸ್ನೇಕ್ ಹಾಗಲ್ಲ. ಅದು ಮೂಲತಃ ಅಮೆರಿಕದ ಆಗ್ನೇಯ ಭಾಗದ ಹಾವು. ಇವತ್ತು ಸಾಕುವವರ ಕೈಯಲ್ಲಿರುವ ಕಾರ್ನ್ ಸ್ನೇಕುಗಳಲ್ಲಿ ಬಹುಪಾಲು ಪೆಟ್ಟಿಗೆಯಲ್ಲೇ ಮೊಟ್ಟೆಯೊಡೆದು ಬಂದವು, ಅವುಗಳ ತಂದೆ ತಾಯಿಯೂ ಹಾಗೇ ಬಂದವು. ಅದನ್ನು ಸಾಕಿದರೆ ಚಿತ್ತಾಪುರದ ಹೊಲದಲ್ಲಿ ಒಂದು ಹಾವೂ ಕಡಿಮೆ ಆಗುವುದಿಲ್ಲ.

ಐವತ್ತು ವರ್ಷ ಕಾನೂನು ನೋಡದೇ ಬಿಟ್ಟ ಜಾಗ

1972ರ ಕಾಯ್ದೆ ತನ್ನ ಶೆಡ್ಯೂಲಿನಲ್ಲಿ ಹೆಸರಿರುವ ಪ್ರಾಣಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆಫ್ರಿಕಾದ ಬಾಲ್ ಪೈಥಾನ್ ಅದರಲ್ಲಿ ಇರಲಿಲ್ಲ. ಅಂದರೆ ಅದನ್ನು ದೇಶದ ಒಳಗೆ ತರುವುದಕ್ಕೆ ಆಮದು ಪರವಾನಗಿ, ಕಸ್ಟಮ್ಸ್, ಕ್ವಾರಂಟೈನ್ ಎಲ್ಲ ಬೇಕಿತ್ತು. ಒಮ್ಮೆ ಒಳಗೆ ಬಂದ ಮೇಲೆ ಮಾತ್ರ ಅದು ಯಾರ ಮನೆಯಲ್ಲಿದೆ ಎಂದು ಕೇಳುವವರು ಇರಲಿಲ್ಲ. ಕಳ್ಳದಾರಿಯಲ್ಲಿ ತಂದವರಿಗೆ ಇದೇ ಅನುಕೂಲ ಆಯಿತು. ಗಡಿ ದಾಟಿಸಿದರೆ ಸಾಕು, ಆಮೇಲೆ ಅಂಗಡಿಯಲ್ಲೇ ಇಟ್ಟು ಮಾರಬಹುದಿತ್ತು.

ಭಾರತ 1976ರಲ್ಲೇ ಸೈಟಿಸ್ ಒಪ್ಪಂದಕ್ಕೆ ಸೇರಿತ್ತು. ಅಳಿವಿನ ಭಯ ಇರುವ ಪ್ರಾಣಿ, ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ ಅದು. 1973ರಲ್ಲಿ ಆಗಿದ್ದು, 1975ರಿಂದ ಜಾರಿಯಲ್ಲಿದೆ. ಅದರಲ್ಲಿ ಮೂರು ಪಟ್ಟಿಗಳಿವೆ. ಮೊದಲನೆಯದು ಬಹಳ ಬಿಗಿ, ಅದರಲ್ಲಿರುವ ಕಾಡುಪ್ರಾಣಿಯ ವ್ಯಾಪಾರ ಬಹುತೇಕ ಬಂದ್. ಎರಡನೆಯದರಲ್ಲಿ ಇರುವವನ್ನು ಪರವಾನಗಿ ಇದ್ದರೆ ಸಾಗಿಸಬಹುದು. ಮೂರನೆಯದು ಯಾವುದಾದರೂ ಒಂದು ದೇಶ ತನ್ನ ಪ್ರಾಣಿಯ ರಕ್ಷಣೆಗೆ ಬೇರೆ ದೇಶಗಳ ಸಹಾಯ ಕೇಳಿದಾಗ ಹಾಕಿಸುವ ಪಟ್ಟಿ. ಹೆಬ್ಬಾವಿನ ಕುಟುಂಬದ ಎಲ್ಲ ಜಾತಿಗಳೂ ಈ ಪಟ್ಟಿಗಳಲ್ಲಿ ಇವೆ. ಬಾಲ್ ಪೈಥಾನ್ ಎರಡನೆಯದರಲ್ಲಿದೆ, ನಮ್ಮ ಹೆಬ್ಬಾವು ಮೊದಲನೆಯದರಲ್ಲಿ. ಕಾರ್ನ್ ಸ್ನೇಕ್ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಒಪ್ಪಂದಕ್ಕೆ ಸಹಿ ಹಾಕಿದ್ದೇನೋ ಸರಿ, ಅದನ್ನು ದೇಶದ ಒಳಗಿನ ಕಾನೂನಾಗಿ ಬರೆದುಕೊಳ್ಳಲು ನಮಗೆ ಸುಮಾರು ಅರ್ಧ ಶತಮಾನ ಬೇಕಾಯಿತು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮೊದಲ ಹೆಜ್ಜೆ ಇಟ್ಟಿತು. ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿ ಯಾರ ಹತ್ತಿರ ಇದೆಯೋ ಅವರು ತಾವಾಗಿಯೇ ಪರಿವೇಶ್ ಎಂಬ ಸರ್ಕಾರಿ ಪೋರ್ಟಲಿನಲ್ಲಿ ಹೇಳಿಕೊಳ್ಳಿ, ಇಷ್ಟು ತಿಂಗಳೊಳಗೆ ಹೇಳಿದರೆ ಕಾಗದಪತ್ರ ಕೇಳುವುದಿಲ್ಲ ಅಂದಿತು. ದೇಶದ ತುಂಬ 30 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಜಾರಿಗೆ ಬಂದಿದ್ದು 2023ರ ಏಪ್ರಿಲ್ 1ರಿಂದ. ಸೈಟಿಸ್ ಪಟ್ಟಿಯ ಪ್ರಾಣಿಗಳೆಲ್ಲ ಈಗ ಕಾಯ್ದೆಯ ನಾಲ್ಕನೇ ಶೆಡ್ಯೂಲಿನಲ್ಲಿವೆ. 2024ರ ಫೆಬ್ರವರಿಯಲ್ಲಿ ನೋಂದಣಿಯ ನಿಯಮಗಳು ಬಂದವು. ಆಗಲೇ ಸಾಕುತ್ತಿದ್ದವರಿಗೆ 6 ತಿಂಗಳ ಗಡುವು ಕೊಟ್ಟರು, ಅದು 2024ರ ಆಗಸ್ಟ್ ಕೊನೆಗೆ ಮುಗಿಯಿತು. ಹೊಸದಾಗಿ ತಂದರೆ 30 ದಿನದೊಳಗೆ ಅರ್ಜಿ ಹಾಕಬೇಕು. ಅರ್ಜಿ ಪರಿವೇಶ್ ಪೋರ್ಟಲಿನ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಹೋಗುತ್ತದೆ. ಮರಿ ಹುಟ್ಟಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಮರಿ ಮಾಡಿಸಿ ಮಾರುವವರ ನಿಯಮಗಳು ಬೇರೆ.

ಈಗ ಮೊದಲ ಪ್ರಶ್ನೆಗೆ ಉತ್ತರ. ನೋಂದಣಿ ಆದ ಬಾಲ್ ಪೈಥಾನ್ ನಿಮ್ಮ ಮನೆಯಲ್ಲಿದ್ದರೆ ಜೈಲಿಲ್ಲ. ನೋಂದಣಿ ಇಲ್ಲದೇ ಇದ್ದರೆ ಅದು ಅಪರಾಧ. ಕಾಯ್ದೆಯ ಸಾಮಾನ್ಯ ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾರ್ನ್ ಸ್ನೇಕಿಗೆ ಈ ನೋಂದಣಿ ಬೇಕಿಲ್ಲ, ಆದರೆ ಅದು ದೇಶದೊಳಗೆ ಬಂದ ದಾರಿ ಸರಿ ಇರಬೇಕು.

ಅದೇ 2022ರ ತಿದ್ದುಪಡಿಯಲ್ಲಿ 62ಎ ಅನ್ನುವ ಇನ್ನೊಂದು ಕಲಂ ಇದೆ. ಇದನ್ನು ಹೆಚ್ಚು ಜನ ಗಮನಿಸಿಲ್ಲ. ನಮ್ಮ ವನ್ಯಜೀವಿಗಳಿಗೆ ಅಪಾಯ ತರುವ ಹೊರಗಿನ ಆಕ್ರಮಣಕಾರಿ ಜೀವಿಗಳ ಆಮದು, ಮಾರಾಟ, ಸಾಕಣೆ ಎಲ್ಲವನ್ನೂ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ನಿಯಂತ್ರಿಸಬಹುದು ಅಥವಾ ನಿಷೇಧಿಸಬಹುದು. ನಿಷೇಧದ ಬಾಗಿಲು ಇದೇ. ಸಂಸತ್ತಿಗೆ ಮತ್ತೆ ಹೋಗಬೇಕಿಲ್ಲ. ಇದನ್ನು ಒಂದೊಂದು ಜಾತಿಯನ್ನು ಪರೀಕ್ಷೆ ಮಾಡಿ ಬಳಸುತ್ತಾರಾ, ಎಲ್ಲ ವಿದೇಶಿ ಹಾವುಗಳನ್ನು ಒಂದೇ ಏಟಿಗೆ ಸೇರಿಸುತ್ತಾರಾ ಅನ್ನುವುದೇ ನನ್ನ ಚಿಂತೆ.

ಫ್ಲೋರಿಡಾ, ಗ್ರ್ಯಾನ್ ಕನೇರಿಯಾ

ನಿಷೇಧ ಬೇಕು ಅನ್ನುವವರು ಮೊದಲು ತೋರಿಸುವುದು ಫ್ಲೋರಿಡಾವನ್ನು. ತೋರಿಸಲೇಬೇಕು, ಅದು ನಿಜವಾದ ದುರಂತ. ಬರ್ಮೀಸ್ ಹೆಬ್ಬಾವು ನಮ್ಮ ಈಶಾನ್ಯ ರಾಜ್ಯಗಳಿಂದ ಆಗ್ನೇಯ ಏಷ್ಯಾದವರೆಗೆ ಇರುವ ದೊಡ್ಡ ಹಾವು. ಅಮೆರಿಕದವರು ಅದನ್ನು ಸಾಕಲು ತರಿಸಿಕೊಂಡರು. ಮರಿ ಇದ್ದಾಗ ಮುದ್ದು. 4 ಮೀಟರ್ ಬೆಳೆದ ಮೇಲೆ ಸಾಕಲಾಗದೆ ಕೆಲವರು ಎವರ್‌ಗ್ಲೇಡ್ಸ್ ಎಂಬ ದೊಡ್ಡ ಜೌಗು ಪ್ರದೇಶಕ್ಕೆ ಬಿಟ್ಟರು, ಕೆಲವು ತಪ್ಪಿಸಿಕೊಂಡವು. 2000ದ ಹೊತ್ತಿಗೆ ಅಲ್ಲಿ ಅವು ನೆಲೆ ನಿಂತದ್ದು ಖಚಿತವಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನ, ರಾತ್ರಿ ರಸ್ತೆಯಲ್ಲಿ ಕಾಣುವ ಪ್ರಾಣಿಗಳ ಲೆಕ್ಕವನ್ನು ಹಳೆಯ ಲೆಕ್ಕದ ಜೊತೆ ಹೋಲಿಸಿತು. ರಕೂನ್ ಕಾಣಸಿಗುವುದು ಶೇ 99ರಷ್ಟು ಕಡಿಮೆ ಆಗಿತ್ತು. ಬಾಬ್‌ಕ್ಯಾಟ್ ಅನ್ನುವ ಕಾಡುಬೆಕ್ಕು ಶೇ 87ರಷ್ಟು.

ಅದೇ 2012ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಬರ್ಮೀಸ್ ಹೆಬ್ಬಾವೂ ಸೇರಿ ನಾಲ್ಕು ದೊಡ್ಡ ಹಾವುಗಳನ್ನು ಹಾನಿಕಾರಕ ಪಟ್ಟಿಗೆ ಸೇರಿಸಿತು. 2015ರಲ್ಲಿ ಇನ್ನೂ ನಾಲ್ಕು. ಆಮದು ನಿಂತಿತು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಒಯ್ಯುವುದೂ ನಿಂತಿತು. ಹಾವು ಸಾಕುವವರ ಸಂಘ ಕೋರ್ಟಿಗೆ ಹೋಯಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ, ಅಮೆರಿಕದ ಮುಖ್ಯ ಭೂಭಾಗದ ರಾಜ್ಯಗಳ ನಡುವಿನ ಸಾಗಾಟವನ್ನು ತಡೆಯುವ ಅಧಿಕಾರ ಆ ಕಾನೂನಿನಲ್ಲಿ ಇಲ್ಲ ಎಂದು ತೀರ್ಪು ಕೊಟ್ಟಿತು. ಆಮದು ನಿಷೇಧ ಹಾಗೇ ಉಳಿಯಿತು.

ಈ ಕಥೆಯಲ್ಲಿ ನಾನು ಎರಡು ವಿಷಯ ನೋಡುತ್ತೇನೆ. ಬರ್ಮೀಸ್ ಹೆಬ್ಬಾವಿನ ಮೇಲೆ ಫ್ಲೋರಿಡಾದಲ್ಲಿ ಬಿಗಿ ಕ್ರಮ ಬೇಕಿತ್ತು. ಅದೂ 2012ರಲ್ಲಲ್ಲ, ಅದಕ್ಕಿಂತ ಎಷ್ಟೋ ಮುಂಚೆ. ಆದರೆ ಚಳಿಗಾಲದಲ್ಲಿ ಊರೇ ಹಿಮದಡಿ ಹೋಗುವ ಮಿನಸೋಟಾದಲ್ಲಿ ಅದೇ ಹಾವು ತಪ್ಪಿಸಿಕೊಂಡರೆ ಒಂದು ಚಳಿಗಾಲವನ್ನೂ ದಾಟುವುದಿಲ್ಲ. ಫ್ಲೋರಿಡಾದಲ್ಲೇ 2010ರ ಜನವರಿಯ ಶೀತಗಾಳಿಗೆ ಬಹಳಷ್ಟು ಹೆಬ್ಬಾವುಗಳು ಸತ್ತವು. ಅಪಾಯ ಅನ್ನುವುದು ಹಾವಿನ ಜಾತಿ ಮತ್ತು ಅದು ಇರುವ ಜಾಗ, ಎರಡೂ ಸೇರಿ ಆಗುವಂಥದ್ದು.

ಇದಕ್ಕೆ ವಿರುದ್ಧದ ಉದಾಹರಣೆಯನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ವಾದ ಪ್ರಾಮಾಣಿಕ ಆಗುವುದಿಲ್ಲ. ಸ್ಪೇನಿಗೆ ಸೇರಿದ ಗ್ರ್ಯಾನ್ ಕನೇರಿಯಾ ದ್ವೀಪಕ್ಕೆ ಕ್ಯಾಲಿಫೋರ್ನಿಯಾದ ಕಿಂಗ್ ಸ್ನೇಕ್ ಸಾಕುಪ್ರಾಣಿಯಾಗಿಯೇ ಹೋಯಿತು. ವಿಷ ಇಲ್ಲ, ಗಾತ್ರ ದೊಡ್ಡದಲ್ಲ, ಸೈಟಿಸ್ ಪಟ್ಟಿಯಲ್ಲೂ ಇಲ್ಲ. ತಪ್ಪಿಸಿಕೊಂಡು ಕಾಡು ಸೇರಿದ ಆ ಹಾವು, ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲದ ದೊಡ್ಡ ಹಲ್ಲಿಗಳನ್ನು ತಿಂದು ಖಾಲಿ ಮಾಡುತ್ತಿದೆ. ಅಲ್ಲಿ ಮೊದಲು ಹಾವೇ ಇರಲಿಲ್ಲ, ಹಾಗಾಗಿ ಆ ಹಲ್ಲಿಗಳಿಗೆ ಹಾವು ಎಂದರೆ ಓಡಬೇಕು ಅನ್ನುವುದೇ ಗೊತ್ತಿರಲಿಲ್ಲ. ನ್ಯೂಜಿಲೆಂಡ್, ಹವಾಯಿ ಹಾವನ್ನೇ ಒಳಗೆ ಬಿಡದಿರುವುದಕ್ಕೆ ಕಾರಣವೂ ಇಂಥದ್ದೇ. ದ್ವೀಪಗಳ ಆ ನಿಷೇಧ ನನಗೆ ಸರಿ ಅನ್ನಿಸುತ್ತದೆ.

ನಮ್ಮದು ದ್ವೀಪ ಅಲ್ಲ. ಮುಂಗುಸಿ, ನವಿಲು, ಹದ್ದು, ನಾಗರಹಾವು ಎಲ್ಲ ಇರುವ ನೆಲ. ಆದರೂ ಬಾಲ್ ಪೈಥಾನ್ ಬಿಸಿ ನಾಡಿನ ಹಾವು. ಇಲ್ಲಿ ಬದುಕಲಾರದು ಅಂತ ಕಣ್ಣು ಮುಚ್ಚಿ ಹೇಳಲು ಬರುವುದಿಲ್ಲ. ಅದನ್ನು ತಜ್ಞರು ಜಾತಿವಾರು ಪರೀಕ್ಷಿಸಿ ಹೇಳಬೇಕು. 62ಎ ಕಲಂ ಕೇಳುವುದೂ ಅದನ್ನೇ, ಆ ಜೀವಿಯಿಂದ ನಮ್ಮ ವನ್ಯಜೀವಿಗಳಿಗೆ ಅಪಾಯ ಇದೆಯಾ ಎಂದು. ಪರೀಕ್ಷೆಯಲ್ಲಿ ಅಪಾಯ ಇದೆ ಎಂದು ಬಂದರೆ ಆ ಜಾತಿಯನ್ನು ನಿಲ್ಲಿಸಿ, ನಾನೂ ಒಪ್ಪುತ್ತೇನೆ.

ವಿಷದ ಹಾವಿಗೆ ರಿಯಾಯಿತಿ ಇಲ್ಲ

2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ 78 ಪ್ರಾಣಿಗಳು ಸಿಕ್ಕವು. 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಕೋತಿ. ಕೋತಿಗಳು ಸತ್ತೇ ಹೋಗಿದ್ದವು. ಪತ್ರಿಕೆಗಳು ಎಲ್ಲವನ್ನೂ ಒಟ್ಟಿಗೆ ಬರೆದವು. ಓದಿದವರ ಮನಸ್ಸಿನಲ್ಲೂ ಎಲ್ಲವೂ ಒಂದೇ ಆಗಿ ಕೂತಿತು.

ಬಾಲ್ ಪೈಥಾನಿಗೆ ವಿಷ ಇಲ್ಲ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಬೆಳೆಯುತ್ತದೆ. ಬೆದರಿದರೆ ತಲೆಯನ್ನು ಮಧ್ಯದಲ್ಲಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಹೆಸರು ಬಂದದ್ದೇ ಅದರಿಂದ. ಕಾಳಿಂಗ ಕಚ್ಚಿದರೆ ಮನುಷ್ಯ ಉಳಿಯುವುದು ಕಷ್ಟ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷಕ್ಕೆ ಮಾತ್ರ: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಕಾಳಿಂಗಕ್ಕೆ ಅದು ಆಗುವುದಿಲ್ಲ. ಆಫ್ರಿಕಾದ ಮಾಂಬಾ ಅನ್ನುವ ವಿಷದ ಹಾವಿಗೂ ಆಗುವುದಿಲ್ಲ. ಯಾರಾದರೂ ಅಂಥ ಹಾವನ್ನು ಕಲಬುರಗಿಯ ಮನೆಯಲ್ಲಿ ಇಟ್ಟುಕೊಂಡು ಅದು ಕಚ್ಚಿದರೆ ಜಿಲ್ಲಾಸ್ಪತ್ರೆಯ ಡಾಕ್ಟರ ಕೈಯಲ್ಲಿ ಕೊಡಲು ಸರಿಯಾದ ಔಷಧವೇ ಇರುವುದಿಲ್ಲ. ನೆರೆಮನೆಯವರು ಯಾವ ತಪ್ಪಿಗೆ ಆ ಅಪಾಯ ಹೊರಬೇಕು? ವಿಷದ ವಿದೇಶಿ ಹಾವನ್ನು ಮನೆಯಲ್ಲಿ ಸಾಕಲು ಬಿಡಲೇಬಾರದು. ಇದರಲ್ಲಿ ನನಗೆ ಅನುಮಾನ ಇಲ್ಲ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58 ಸಾವಿರ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಹೊಲದಲ್ಲಿ, ಕಟ್ಟಿಗೆ ರಾಶಿಯ ಹತ್ತಿರ, ಶಹಾಬಾದ್ ಕಲ್ಲಿನ ಸಂದಿಯಲ್ಲಿ, ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಚ್ಚಿಸಿಕೊಳ್ಳುವವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬಹಳ ಒಳ್ಳೆಯ ಕೆಲಸ. ಆದರೆ ಹಾವಿನ ಭಯವನ್ನು ಮುಂದಿಟ್ಟು ಕಾರ್ನ್ ಸ್ನೇಕ್ ನಿಷೇಧಿಸಿದರೆ ಈ ಸಾವುಗಳಲ್ಲಿ ಒಂದೂ ತಪ್ಪುವುದಿಲ್ಲ. ಅದಕ್ಕೆ ಬೇಕಾದ್ದು ಹೋಬಳಿ ಮಟ್ಟದ ಆಸ್ಪತ್ರೆಯಲ್ಲಿ ಪ್ರತಿವಿಷ, ರೈತನ ಕಾಲಿಗೆ ಬೂಟು, ಕೈಗೆ ಟಾರ್ಚು.

ನಿಷೇಧ ಬಂದರೆ ನಿಜಕ್ಕೂ ಏನಾಗುತ್ತದೆ

ನಾರ್ವೆ ದೇಶ ಇದನ್ನು ಮಾಡಿ ನೋಡಿದೆ. 1977ರಿಂದ ಅಲ್ಲಿ ಸರೀಸೃಪ ಸಾಕುವುದಕ್ಕೆ ನಿಷೇಧ ಇತ್ತು. ನಾಲ್ಕು ದಶಕ ಜನ ಗುಟ್ಟಾಗಿ ಸಾಕಿದರು. ಹಾವಿಗೆ ಕಾಯಿಲೆ ಬಂದರೆ ಪಶುವೈದ್ಯರ ಹತ್ತಿರ ಒಯ್ಯಲು ಹಿಂಜರಿಕೆ. ಯಾರ ಹತ್ತಿರ ಏನಿದೆ ಎಂಬುದು ಸರ್ಕಾರಕ್ಕೂ ಗೊತ್ತಾಗಲಿಲ್ಲ. ಕೊನೆಗೆ 2017ರಲ್ಲಿ ನಾರ್ವೆ ನಿಷೇಧ ಸಡಿಲಿಸಿತು. ಪೂರ್ತಿ ಬಾಗಿಲು ತೆರೆಯಲಿಲ್ಲ. 19 ಜಾತಿಗಳ ಒಂದು ಪಟ್ಟಿ ಮಾಡಿ, ಇವನ್ನು ಮಾತ್ರ ಸಾಕಬಹುದು ಅಂದಿತು. ಪಟ್ಟಿಯಲ್ಲಿ ಇಲ್ಲದ್ದು ಈಗಲೂ ನಿಷಿದ್ಧ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ 1976ರ ಅಪಾಯಕಾರಿ ಕಾಡುಪ್ರಾಣಿಗಳ ಕಾಯ್ದೆ ಇದೆ. ವಿಷದ ಹಾವು ಸಾಕಬೇಕಾದರೆ ಸ್ಥಳೀಯ ಆಡಳಿತದಿಂದ ಲೈಸೆನ್ಸ್ ಬೇಕು. ಪಶುವೈದ್ಯರು ಮನೆಗೆ ಬಂದು ನೋಡುತ್ತಾರೆ, ವಿಮೆ ಮಾಡಿಸಬೇಕು. ಕಾರ್ನ್ ಸ್ನೇಕ್, ಬಾಲ್ ಪೈಥಾನಿಗೆ ಆ ಲೈಸೆನ್ಸ್ ಬೇಡ.

ನಮ್ಮಲ್ಲಿ ನಿಷೇಧ ಬಂದರೆ ಮೊದಲ ಏಟು ಬೀಳುವುದು ಈಗ ಕಾನೂನು ಪಾಲಿಸಿ ನೋಂದಣಿ ಮಾಡಿಸಿದವರ ಮೇಲೆ. ಅವರ ಹೆಸರು, ವಿಳಾಸ, ಹಾವಿನ ಫೋಟೋ ಎಲ್ಲ ಸರ್ಕಾರದ ಹತ್ತಿರ ಇದೆ. ಗುಟ್ಟಾಗಿ ತಂದು ಗುಟ್ಟಾಗಿ ಮಾರುವವರ ವಿಳಾಸ ಯಾರ ಹತ್ತಿರವೂ ಇಲ್ಲ. ಕಳ್ಳಸಾಗಣೆ ಈಗಲೂ ಅಪರಾಧವೇ, ಬ್ಯಾಂಕಾಕ್‌ನ ಪೆಟ್ಟಿಗೆಗಳು ನಿಂತಿಲ್ಲ. ನಿಷೇಧದಿಂದ ಅವರ ಬೆಲೆ ಏರುತ್ತದೆ ಅಷ್ಟೆ. ಇಲ್ಲೇ ಹುಟ್ಟಿದ, ಕಾಗದ ಇರುವ ಮರಿ ನ್ಯಾಯವಾಗಿ ಸಿಗುವಂತಿದ್ದರೆ ಸೂಟ್‌ಕೇಸಿನಲ್ಲಿ ಉಸಿರುಗಟ್ಟಿ ಬಂದ ಮರಿಯನ್ನು ಕೊಳ್ಳುವವರು ಕಡಿಮೆಯಾಗುತ್ತಾರೆ. ಬಾಲ್ ಪೈಥಾನಿನ ಕಾಡು ಸಂತತಿ ಪಶ್ಚಿಮ ಆಫ್ರಿಕಾದಲ್ಲಿ ಕುಗ್ಗುತ್ತಿದೆ. ಘಾನಾ, ಟೋಗೊ, ಬೆನಿನ್ ದೇಶಗಳಿಂದ ಅವು ಭಾರೀ ಸಂಖ್ಯೆಯಲ್ಲಿ ರಫ್ತಾಗಿವೆ. ಅದಕ್ಕೇ ಹುಟ್ಟಿನ ದಾಖಲೆ ಇರುವ ಮರಿಯನ್ನೇ ಕೊಳ್ಳಬೇಕು, ದಾಖಲೆ ಇಲ್ಲದ್ದನ್ನು ಮುಟ್ಟಬಾರದು.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಒಂದೇ ವಿಷಯಕ್ಕೆ. ನಿಷೇಧದ ಸುದ್ದಿ ಕೇಳಿ ಗಾಬರಿಯಾದ ಹುಡುಗ ರಾತ್ರೋರಾತ್ರಿ ಹಾವನ್ನು ಚಿಂಚೋಳಿ ಕಾಡಿಗೋ ಊರಾಚೆಯ ಹಳ್ಳಕ್ಕೋ ಬಿಟ್ಟು ಬರುತ್ತಾನೆ. ಯಾವ ಅನಾಹುತ ತಪ್ಪಿಸಲು ನಿಷೇಧ ತಂದರೋ ಅದೇ ಅನಾಹುತ ನಿಷೇಧದಿಂದ ಶುರುವಾಗುತ್ತದೆ. ಇದಕ್ಕೆ ಉತ್ತರ ಆ 30 ಸಾವಿರ ಅರ್ಜಿಗಳಲ್ಲಿ ಇದೆ. ಶಿಕ್ಷೆ ಇಲ್ಲ, ಬಂದು ಹೇಳಿ ಅಂದಾಗ ಜನ ತಾವಾಗಿಯೇ ಬಂದು ಹೇಳಿದರು.

ಹಾವಿಗೆ ಕಷ್ಟ ಆಗುವುದಿಲ್ಲವೇ?

ಆಗುತ್ತದೆ, ಸಾಕಲು ಬಾರದವರ ಕೈಗೆ ಸಿಕ್ಕರೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಒಂದು ಹೆಣ್ಣು 2020ರಲ್ಲಿ ಮೊಟ್ಟೆ ಇಟ್ಟಾಗ ಅದಕ್ಕೆ 60 ದಾಟಿತ್ತು. ಡಿಗ್ರಿ ಓದುವ ಹುಡುಗ ತಂದ ಹಾವು ಅವನ ಮದುವೆ, ನೌಕರಿ, ವರ್ಗಾವಣೆ ಎಲ್ಲ ನೋಡುತ್ತದೆ. ಕೊಳ್ಳುವ ಮುಂಚೆ ಯೋಚಿಸಬೇಕಾದ್ದು ಇದು.

ನಮ್ಮ ಕಡೆಯ ಹವೆಯೂ ಸುಲಭ ಅಲ್ಲ. ಈ ಹಾವಿಗೆ ಪೆಟ್ಟಿಗೆಯ ಒಂದು ಬದಿ 31, 32 ಡಿಗ್ರಿ ಇರಬೇಕು, ಇನ್ನೊಂದು ಬದಿ 25, 26. ತಂಪು ದೇಶದವರು ಹೀಟರ್ ಇಟ್ಟು ಬಿಸಿ ಮಾಡುತ್ತಾರೆ. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 42 ದಾಟಿರುತ್ತದೆ, ಕರೆಂಟ್ ಹೋದರೆ ತಗಡಿನ ಮನೆಯ ಪೆಟ್ಟಿಗೆಯೊಳಗೆ ಹಾವು ಒಂದು ಮಧ್ಯಾಹ್ನದಲ್ಲೇ ಸಾಯಬಹುದು. ಬೀದರ್ ಎತ್ತರದಲ್ಲಿ ಇರುವುದರಿಂದ ಅಲ್ಲಿ ಸ್ವಲ್ಪ ತಡೆದುಕೊಳ್ಳಬಹುದು. ಒಣ ಹವೆ ಇನ್ನೊಂದು ತೊಂದರೆ. ತೇವ ಸಾಲದೆ ಪೊರೆ ಪೂರ್ತಿ ಬಿಡುವುದಿಲ್ಲ, ಕಣ್ಣಿನ ಮೇಲೆ, ಬಾಲದ ತುದಿಯಲ್ಲಿ ಹಳೆಯ ಪೊರೆ ಅಂಟಿಕೊಂಡು ಉಳಿಯುತ್ತದೆ. ಇನ್ನು ಊಟ. ಹೊಲದಿಂದ ಹಿಡಿದ ಇಲಿಯನ್ನು ಕೊಡಲೇಬಾರದು. ರೈತರು ಇಲಿಗೆ ಜಿಂಕ್ ಫಾಸ್ಫೈಡ್ ಇಡುತ್ತಾರೆ, ಆ ವಿಷ ತಿಂದ ಇಲಿಯಿಂದ ಹಾವಿಗೂ ಅಪಾಯ.

ಬಣ್ಣದ ಆಸೆಗೆ ಮಾಡಿಸುವ ತಳಿಗಳ ಬಗ್ಗೆಯೂ ಹೇಳಬೇಕು. ಸ್ಪೈಡರ್ ಅನ್ನುವ ಬಾಲ್ ಪೈಥಾನ್ ತಳಿಗೆ ಹುಟ್ಟಿನಿಂದಲೇ ನರದ ದೋಷ ಬರುತ್ತದೆ, ತಲೆ ಅಲುಗಾಡುತ್ತದೆ, ಆಯ ತಪ್ಪುತ್ತದೆ. ಚೆಂದ ಕಾಣುತ್ತದೆ ಅಂತ ಆ ತಳಿಯನ್ನು ಬೆಳೆಸುವುದು ತಪ್ಪು. ಇಂಥದ್ದನ್ನು ತಡೆಯುವ ನಿಯಮ ಬಂದರೆ ನಾನೇ ಮೊದಲು ಬೆಂಬಲಿಸುತ್ತೇನೆ.

ಆದರೆ ನಮ್ಮ ಕಾನೂನಿನ ತೂಕ ನೋಡಿ. ನೋಂದಣಿ ಇಲ್ಲದಿದ್ದರೆ 3 ವರ್ಷದವರೆಗೆ ಜೈಲು. ಅದೇ ಹಾವನ್ನು ಉಪವಾಸ ಕೆಡವಿ, ಇಕ್ಕಟ್ಟಾದ ಡಬ್ಬಿಯಲ್ಲಿಟ್ಟು ನರಳಿಸಿದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಆ ಮೊತ್ತ ಬದಲಾಗಿಲ್ಲ. ಹಾವಿನ ಹಿತ ಬೇಕು ಅನ್ನುವವರು ಮೊದಲು ತಿದ್ದಬೇಕಾದ್ದು ಈ 50 ರೂಪಾಯಿಯನ್ನು.

ಕಲಬುರಗಿಯಿಂದ ನೋಡಿದಾಗ

ನಾನು ಕೇಳುವುದು ಸುಮ್ನೆ ಸ್ವಾತಂತ್ರ್ಯ ಅಲ್ಲ. ನಾರ್ವೆಯ ಹಾಗೆ ಒಂದು ಪಟ್ಟಿ ಬರಲಿ. ನಮ್ಮ ಹವೆ, ನಮ್ಮ ಕಾಡು ನೋಡಿ ತಜ್ಞರು ಮಾಡಿದ ಪಟ್ಟಿ. ವಿಷವಿಲ್ಲದ, ಚಿಕ್ಕ ಗಾತ್ರದ, ಕಾಡಿನಿಂದ ಹಿಡಿಯದೆ ಬೆಳೆಸಿದ ಕೆಲವು ಜಾತಿಗಳು ಅದರಲ್ಲಿ ಇರಲಿ. ಸೈಟಿಸ್ ಪಟ್ಟಿಯಲ್ಲಿ ಇಲ್ಲ ಅಂತ ಈಗ ಹೊರಗೇ ಉಳಿದಿರುವ ಕಾರ್ನ್ ಸ್ನೇಕ್, ಕಿಂಗ್ ಸ್ನೇಕುಗಳಿಗೂ ನೋಂದಣಿ ಬರಲಿ. ಗ್ರ್ಯಾನ್ ಕನೇರಿಯಾದ ಕಥೆ ಗೊತ್ತಿದ್ದೂ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಸರಿಯಲ್ಲ. ಅಂದರೆ ಒಂದು ಕಡೆ ನಾನು ಈಗಿನದಕ್ಕಿಂತ ಜಾಸ್ತಿ ನಿಯಮವನ್ನೇ ಕೇಳುತ್ತಿದ್ದೇನೆ. ಪ್ರತಿ ಹಾವಿಗೂ ಮೈಕ್ರೋಚಿಪ್ ಇರಲಿ, ತಪ್ಪಿಸಿಕೊಂಡರೆ ಯಾರದ್ದು ಅನ್ನುವುದು ಗೊತ್ತಾಗಲಿ, ಹೊಣೆ ಅವರೇ ಹೊರಲಿ.

ಆದರೆ ಆ ನಿಯಮ ಪಾಲಿಸಲು ಸಾಧ್ಯ ಆಗುವಂತೆಯೂ ಇರಬೇಕು. ಅರ್ಜಿ ಆನ್‌ಲೈನ್, ನಿರ್ಧಾರ ಬೆಂಗಳೂರಿನಲ್ಲಿ. ಇಲ್ಲಿಂದ ಅಲ್ಲಿಗೆ ಸುಮಾರು 600 ಕಿಲೋಮೀಟರ್. ಕಲಬುರಗಿ, ಬೀದರ್, ಯಾದಗಿರಿಯ ಅರಣ್ಯ ಕಚೇರಿಗಳಲ್ಲಿ ಈ ನಿಯಮ ಕನ್ನಡದಲ್ಲಿ ತಿಳಿಸಿ ಹೇಳುವ ಒಬ್ಬರಾದರೂ ಇದ್ದರೆ ಎಷ್ಟೋ ಗೊಂದಲ ಕಡಿಮೆಯಾಗುತ್ತದೆ. ನಮ್ಮ ಭಾಗಕ್ಕೆ ಒಂದು ಅನುಕೂಲ ಕೂಡ ಇದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರಿನಲ್ಲೇ. ಹಾವಿನ ಚಿಕಿತ್ಸೆ ಕಲಿತ ವೈದ್ಯರು ಅಲ್ಲಿಂದ ಬರಲಿ, ಸಾಕಲಾಗದವರು ಹಾವನ್ನು ಒಪ್ಪಿಸುವ ಒಂದು ಜಾಗ ಅಲ್ಲಿರಲಿ. ಹೊಲದಲ್ಲಿ ಗಾಯಗೊಂಡ ಕೇರೆ ಹಾವಿಗೂ ಅದೇ ವೈದ್ಯರು ಬೇಕು ತಾನೆ?

ಗಡುವು ಮುಗಿದರೂ ನೋಂದಣಿ ಮಾಡಿಸದೆ ಉಳಿದವರಿಗೆ 2020ರ ಹಾಗೆ ಇನ್ನೊಂದು ಅವಕಾಶ ಕೊಡಬೇಕು. ಅದು ಬರುವವರೆಗೆ, ಈಗಾಗಲೇ ಹಾವು ಇರುವವರಿಗೆ ಇಷ್ಟು ಹೇಳಬಲ್ಲೆ. ಹಾವನ್ನು ಎಲ್ಲೂ ಬಿಡಬೇಡಿ. ಕೊಂಡ ರಸೀದಿ, ಮಾರಿದವರ ನೋಂದಣಿ ಸಂಖ್ಯೆ, ತಂದ ದಿನಾಂಕ, ಮೈಮೇಲಿನ ಗುರುತು ಕಾಣುವ ಹಾಗೆ ತೆಗೆದ ಫೋಟೋ ಎಲ್ಲ ಒಂದು ಕಡೆ ಇಡಿ. ವನ್ಯಜೀವಿ ಕಾನೂನು ಗೊತ್ತಿರುವ ವಕೀಲರನ್ನು ಮೊದಲು ಕಾಣಿ. ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇರುವುದರಿಂದ ಅಂಥವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ಆಮೇಲೆ ಅವರ ಜೊತೆಗೇ ಅರಣ್ಯ ಕಚೇರಿಗೆ ಹೋಗಿ, ಕೈಯಲ್ಲಿ ಬರೆದುಕೊಂಡ ಅರ್ಜಿ ಇರಲಿ. ಹೊಸದಾಗಿ ತರಬೇಕು ಅಂದುಕೊಂಡವರು, ಮಾರುವವರು ಕಾಗದ ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ.